ಸಂಡೂರಿಗೆ ಮೂರು ದಿನ: ದಿನಕ್ಕೊಂದೇ ಬೆಟ್ಟ

ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಘಾಟಿಯಲ್ಲಿ ಕಾರೊಳಗೆ ಕೂತು, ಮುಂದಿನ ಕಾರಿನ ನಂಬರ್ ಪ್ಲೇಟನ್ನು ಬಾಯಿಪಾಠ ಮಾಡಿದ ಮೇಲೆ ನಾನು ಬೇರೆ ಬೆಟ್ಟ ಹುಡುಕಲು ಶುರು ಮಾಡಿದೆ. ಸಿಕ್ಕಿದ್ದು ಸಂಡೂರು. ಮನೆಯಲ್ಲಿ ಹೇಳಿದಾಗ ಮೊದಲು ಬಂದ ಮಾತು, "ಬಳ್ಳಾರಿ ಜಿಲ್ಲೆಗಾ? ಅಲ್ಲೇನಿದೆ, ಬಿಸಿಲು, ಮೈನ್ಸ್."

ಎರಡೂ ಇವೆ, ಇಲ್ಲ ಅನ್ನಲ್ಲ. ಆದರೆ ಅವೆರಡರ ನಡುವೆ ಒಂದು ಹಸಿರು ಕಣಿವೆಯೂ ಇದೆ. ಎರಡು ಬೆಟ್ಟಸಾಲು ಅಕ್ಕಪಕ್ಕ ಗೋಡೆಯ ಹಾಗೆ ಓಡುತ್ತವೆ. ಮಧ್ಯ ದೋಣಿಯಂಥ ತಗ್ಗು. ಆ ತಗ್ಗಿನಲ್ಲಿ ಊರು, ಹೊಲ, ನಾರಿಹಳ್ಳ. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. "ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ" ಅಂತ ಅವರು ಹೇಳಿದ್ದರು ಅನ್ನೋದು ಊರಲ್ಲಿ ಯಾರನ್ನು ಕೇಳಿದರೂ ಬರುವ ಮಾತು. ಪ್ರವಾಸದ ಯೋಜನೆಯ ಅರ್ಧ ಭಾಗ ಈ ಒಂದು ಸಾಲಿನಲ್ಲೇ ಇದೆ.

ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಮಾಡಿದ್ದೆಲ್ಲ ತಪ್ಪು. ಆ ತಪ್ಪುಗಳನ್ನು ಕಳೆದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಎರಡು ರಾತ್ರಿ, ಮೂರು ದಿನ, ದಿನಕ್ಕೆ ಒಂದೇ ಬೆಟ್ಟ.

ಮೊದಲು ತಿಂಗಳು, ಆಮೇಲೆ ತಾರೀಖು

ನಾನು ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಮೂರು ದಿನ ಸಾಲಾಗಿ ರಜೆ ಸಿಕ್ಕಿತ್ತು, ಅಷ್ಟೇ ಕಾರಣ. ಬೆಳಿಗ್ಗೆ ಹತ್ತು ಗಂಟೆಗೆ ತಿಂಡಿ ತಿಂದು ಆರಾಮಾಗಿ ಹೊರಟೆವು. ಹನ್ನೊಂದಕ್ಕೆ ಕಾಲಡಿಯ ಕಲ್ಲು ಕಾವಲಿಯಾಗಿತ್ತು. ಇಲ್ಲಿನ ಕಲ್ಲು ಬರೀ ಕಲ್ಲಲ್ಲ, ಕಬ್ಬಿಣದ ಅದಿರು. ಒಂದು ತುಂಡು ಕೈಗೆತ್ತಿಕೊಳ್ಳಿ. ಅಂಗೈಯಗಲದ ಚೂರು, ಆದರೆ ಕೈ ಒಂದು ಕ್ಷಣ ಕೆಳಗೆ ಜಗ್ಗುತ್ತದೆ. ಇಷ್ಟು ಚಿಕ್ಕದಕ್ಕೆ ಇಷ್ಟು ಭಾರವಾ ಅಂತ ಇನ್ನೊಮ್ಮೆ ತೂಗಿ ನೋಡುವಂತಾಗುತ್ತದೆ. ಕೆಳಗಿಟ್ಟ ಮೇಲೆ ಬೆರಳಿಗೆ ಕುಂಕುಮದಂಥ ಪುಡಿ ಅಂಟಿರುತ್ತದೆ. ಆ ಭಾರದ ಕಪ್ಪುಗೆಂಪು ಕಲ್ಲು ಬೇಸಿಗೆಯ ಬಿಸಿಲನ್ನೆಲ್ಲ ಕುಡಿದು ಕೂತಿರುತ್ತದೆ. ನಾವು ಮೂವರು ಸೇರಿ ತಂದಿದ್ದು ನಾಲ್ಕು ಲೀಟರ್ ನೀರು. ಹನ್ನೆರಡಕ್ಕೆ ಅದು ಖಾಲಿ, ನಮ್ಮ ಸಾಹಸವೂ ಖಾಲಿ.

ಹಾಗಾಗಿ ಮಾರ್ಚ್‌ನಿಂದ ಮೇ ತನಕ ಬೇಡವೇ ಬೇಡ. ಜೂನ್‌ನಲ್ಲಿ ಮಳೆ ಶುರುವಾದರೂ ಬೆಟ್ಟ ಪೂರ್ತಿ ಹಸಿರಾಗಲು ಸಮಯ ಬೇಕು. ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಸರಿಯಾದ ಕಾಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿರುತ್ತದೆ, ಮೋಡ ಬೆಟ್ಟದ ನೆತ್ತಿಗೆ ತಾಗಿಕೊಂಡಿರುತ್ತದೆ. ದಾರಿ ಬದಿಯಲ್ಲಿ ಸೀತಾಫಲ ಬುಟ್ಟಿಗಟ್ಟಲೆ ಮಾರುತ್ತಾರೆ. ಡಿಸೆಂಬರ್-ಜನವರಿಯಲ್ಲಿ ನಡೆಯಲು ಹಾಯಾಗಿರುತ್ತದೆ, ಆದರೆ ಹುಲ್ಲು ಒಣಗಿ ಬಣ್ಣ ಕಂದಿರುತ್ತದೆ. ಹಸಿರಿಗಾಗಿ ಹೋಗುವವರು ಆಗ ಹೋಗಿ ನನ್ನನ್ನು ಬೈಯಬೇಡಿ.

ವಾರದ ದಿನ ರಜೆ ಸಿಕ್ಕರೆ ಒಳ್ಳೆಯದು. ಶ್ರಾವಣ, ಕಾರ್ತಿಕದ ವಿಶೇಷ ದಿನಗಳಲ್ಲಿ ಕುಮಾರಸ್ವಾಮಿ ಬೆಟ್ಟಕ್ಕೆ ಭಕ್ತರ ಸಂಖ್ಯೆ ಜಾಸ್ತಿ ಇರುತ್ತದೆ. ಹೊರಡುವ ಮುಂಚೆ ಪಂಚಾಂಗ ಒಮ್ಮೆ ತಿರುವಿ ಹಾಕಿ.

ತಲುಪುವುದು

ಬೆಂಗಳೂರಿನಿಂದ ಎರಡು ದಾರಿ. ನನ್ನ ಮತ ರೈಲಿಗೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಗುಂತಕಲ್, ಬಳ್ಳಾರಿ, ತೋರಣಗಲ್ಲು ದಾಟಿ ಬೆಳಿಗ್ಗೆ ಹೊಸಪೇಟೆಗೆ ಬಿಡುತ್ತದೆ. ತೋರಣಗಲ್ಲಿನಲ್ಲೂ ಇಳಿಯಬಹುದು. ಎರಡೂ ಕಡೆಯಿಂದ ಸಂಡೂರು ಹತ್ತಿರ ಹತ್ತಿರ 30 ಕಿ.ಮೀ. ಆದರೆ ಹೊಸಪೇಟೆಯಿಂದ ಬಸ್ಸುಗಳು ಚೆನ್ನಾಗಿವೆ, ಬಸ್ ಸ್ಟ್ಯಾಂಡಿನ ಬಳಿ ಬಿಸಿ ಬಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಿಗುತ್ತದೆ. ಬೆಳಿಗ್ಗೆ ಏಳಕ್ಕೇ ಮಿರ್ಚಿಯಾ ಅಂತ ದಕ್ಷಿಣದವರು ಹುಬ್ಬೇರಿಸುತ್ತಾರೆ. ಒಂದು ಸಲ ತಿಂದು ನೋಡಿ, ಆಮೇಲೆ ಮಾತಾಡೋಣ.

ಕಾರಿನಲ್ಲಿ ಹೋಗುವವರು ತುಮಕೂರು, ಚಿತ್ರದುರ್ಗ ದಾಟಿ ಹೊಸಪೇಟೆ ಹೆದ್ದಾರಿ ಹಿಡಿದು, ಕೂಡ್ಲಿಗಿಯಲ್ಲಿ ಬಲಕ್ಕೆ ತಿರುಗಿ ಬಂಡ್ರಿ ಮೇಲೆ ಹೋಗಬೇಕು. ಒಟ್ಟು ಸುಮಾರು 300 ಕಿ.ಮೀ. ಹೋಗಿ ಬರುವುದು, ಅಲ್ಲಿ ಸುತ್ತುವುದು ಎಲ್ಲ ಸೇರಿ 700 ಕಿ.ಮೀ. ಅಂದುಕೊಳ್ಳಿ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ 47 ಲೀಟರ್ ಪೆಟ್ರೋಲ್. ಅದನ್ನು ಇವತ್ತಿನ ದರಕ್ಕೆ ಗುಣಿಸಿ, ಟೋಲ್ ಸೇರಿಸಿ, ರೈಲಿನ ಟಿಕೆಟ್ ಜೊತೆ ಹೋಲಿಸಿ ನೋಡಿ. ಮೂವರಿಗಿಂತ ಕಡಿಮೆ ಇದ್ದರೆ ರೈಲೇ ಅಗ್ಗ. ಅಲ್ಲಿ ಆಟೋ ಹಿಡಿದರೂ ಉಳಿತಾಯವೇ.

ಕಾರಿನವರಿಗೆ ಇನ್ನೊಂದು ಮಾತು. ಸಂಡೂರಿನ ಸುತ್ತ ಅದಿರಿನ ಲಾರಿಗಳು ಸಾಲುಗಟ್ಟಿ ಓಡಾಡುತ್ತವೆ. ಕತ್ತಲಾದ ಮೇಲೆ, ಮಳೆ ಬಿದ್ದ ಕೆಂಪು ಕೆಸರಿನಲ್ಲಿ, ಲಾರಿಯ ಹಿಂದೆ ಹೋಗುವುದು ಯಾವ ಬೆಟ್ಟಕ್ಕಿಂತಲೂ ದೊಡ್ಡ ಸಾಹಸ. ಐದು ಗಂಟೆಯೊಳಗೆ ಊರು ಸೇರುವಂತೆ ಹೊರಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ನಮ್ಮ ಟೈರನ್ನು ಒಂದು ಚೂಪು ಅದಿರುಗಲ್ಲು ಸೀಳಿದಾಗ ಸ್ಟೆಪ್ನಿಯೂ ಪಂಕ್ಚರ್ ಆಗಿತ್ತು ಅನ್ನೋದು ನಮಗೆ ಗೊತ್ತಾದದ್ದು ಅಲ್ಲೇ.

ಯಾವ ದಾರಿ ಮುಚ್ಚಿದೆ ಅಂತ ತಿಳಿದುಕೊಳ್ಳಿ

ಸಂಡೂರಿನಲ್ಲಿ ಎಲ್ಲಿಗೆ ಹೋಗಬೇಕು ಅನ್ನೋದಕ್ಕಿಂತ ಎಲ್ಲಿಗೆ ಹೋಗಬಾರದು ಅನ್ನೋದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಬೆಟ್ಟಗಳ ಬಹುಪಾಲು ಮೀಸಲು ಅರಣ್ಯ. ಅನುಮತಿ ಇಲ್ಲದೆ ಒಳಗೆ ಹೋಗುವುದು ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಇನ್ನೊಂದಷ್ಟು ಜಾಗ ಗಣಿ ಗುತ್ತಿಗೆಯದು. ಅಲ್ಲಿ ಬೇಲಿ ಇರಬಹುದು, ಇಲ್ಲದೆಯೂ ಇರಬಹುದು. ಬ್ಲಾಸ್ಟಿಂಗ್ ಅಂತೂ ಇರುತ್ತದೆ.

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಹತ್ತಿದ ವಿಡಿಯೊ ನೀವೂ ನೋಡಿರುತ್ತೀರಿ. ಆಮೇಲೆ ಸರಕಾರ ಚಾರಣಕ್ಕೆ ಕಡಿವಾಣ ಹಾಕಿ, ಅದೇ ವರ್ಷ 'ಅರಣ್ಯ ವಿಹಾರ' ಅನ್ನೋ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. (ಆ ಕುಮಾರ ಪರ್ವತ ಸುಬ್ರಹ್ಮಣ್ಯದ ಕಡೆಯದು, ಸಂಡೂರಿನ ಕುಮಾರಸ್ವಾಮಿ ಬೆಟ್ಟ ಬೇರೆ. ಮ್ಯಾಪಿನಲ್ಲಿ ಹುಡುಕುವಾಗ ಎಡವಬೇಡಿ.) ಹೊರಡುವ ಹದಿನೈದು ದಿನ ಮುಂಚೆ ಆ ಪಟ್ಟಿ ನೋಡಿ. ನೀವು ನಡೆಯಬೇಕು ಅಂದುಕೊಂಡ ಕಾಡುದಾರಿ ಅದರಲ್ಲಿ ಇಲ್ಲದಿದ್ದರೆ, ಸಂಡೂರಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಯಾವ ದಾರಿ, ಎಷ್ಟು ಜನ, ಯಾವ ದಿನ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿಟ್ಟುಕೊಂಡು ಹೋದರೆ ಮಾತು ಸುಲಭ. ಬೇಡ ಅಂದರೆ ವಾದ ಬೇಡ. ಕೆಳಗೆ ನಾನು ಹೇಳುವ ಮುಖ್ಯ ಜಾಗಗಳಿಗೆ ರಸ್ತೆಯಲ್ಲೇ ತಲುಪಬಹುದು, ಆ ರಸ್ತೆ ಬಿಟ್ಟು ಒಳದಾರಿ ಹಿಡಿಯುವಾಗಲೇ ಅನುಮತಿಯ ಪ್ರಶ್ನೆ ಬರುತ್ತದೆ.

ಮೊದಲ ಸಲ ನಾವು ಇದ್ಯಾವುದನ್ನೂ ಮಾಡಿರಲಿಲ್ಲ. ಫೋನಿನ ಮ್ಯಾಪಿನಲ್ಲಿ ಒಂದು ಸಣ್ಣ ಗೆರೆ ಕಂಡಿತು, ಅದರ ಹಿಂದೆ ಹೋದೆವು. ಅರ್ಧ ಗಂಟೆಯ ನಂತರ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಎದುರಾದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು.

"ಯಾವೂರ್ರೀ ನಿಮ್ದು?"

"ಬೆಂಗಳೂರು, ಅಜ್ಜಾರೆ. ಈ ದಾರಿ ಮೇಲಕ್ಕೆ ಹೋಗುತ್ತಾ?"

"ಹೋಗ್ತೈತಿ. ಆದ್ರ ನೀವು ಹೋಗಬ್ಯಾಡ್ರಿ. ಮುಂದ ಮೈನ್ಸ್ ಐತಿ. ಸೈರನ್ ಹೊಡದ್ರ ನಮ್ಮ ಕುರಿಗೂ ಗೊತ್ತಾಗ್ತೈತಿ, ನಿಮಗ ಗೊತ್ತಾಗಂಗಿಲ್ಲ."

ಕುರಿಗಿಂತ ದಡ್ಡರು ಅನ್ನೋದನ್ನು ಇಷ್ಟು ಮರ್ಯಾದೆಯಿಂದ ಯಾರೂ ನನಗೆ ಹೇಳಿರಲಿಲ್ಲ. ವಾಪಸ್ ತಿರುಗಿದೆವು. ಅಂದಿನಿಂದ ನನ್ನ ನಿಯಮ ಇದು: ಮ್ಯಾಪ್ ಏನೇ ಹೇಳಲಿ, ದಾರಿಯಲ್ಲಿ ಸಿಗುವ ಮೊದಲ ಇಬ್ಬರನ್ನು ಕೇಳುವುದು. ಇಬ್ಬರೂ ಒಂದೇ ಮಾತು ಹೇಳಿದರೆ ಮುಂದೆ, ಇಲ್ಲದಿದ್ದರೆ ಹಿಂದೆ.

ಮ್ಯಾಪಿನ ಬಗ್ಗೆ ಇನ್ನೂ ಒಂದು ವಿಷಯ. ಇದು ಕಬ್ಬಿಣದ ಬೆಟ್ಟ. ಫೋನಿನ ದಿಕ್ಸೂಚಿ ಇಂಥ ಕಲ್ಲಿನ ಹತ್ತಿರ ತಪ್ಪು ತೋರಿಸಬಹುದು. ಸೂರ್ಯ, ಎದುರಿನ ಬೆಟ್ಟಸಾಲು, ಕೆಳಗಿನ ಊರು, ಈ ಮೂರನ್ನು ಗುರುತಿಟ್ಟುಕೊಂಡರೆ ದಿಕ್ಕು ತಪ್ಪುವುದಿಲ್ಲ. ಆಫ್‌ಲೈನ್ ಮ್ಯಾಪ್ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ, ಕಣಿವೆಯ ಮಡಿಕೆಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ.

ಹಳೆಯ ಗಣಿ ಗುಂಡಿಗಳಲ್ಲಿ ಮಳೆನೀರು ನಿಂತು ಕೆರೆಯ ಹಾಗೆ ಕಾಣುತ್ತದೆ. ಫೋಟೊಕ್ಕೆ ಬಹಳ ಚೆಂದ. ಇಳಿಯಬೇಡಿ. ಅಂಚು ಕಡಿದಾಗಿರುತ್ತದೆ, ಆಳ ಎಷ್ಟು ಅಂತ ಮೇಲಿಂದ ತಿಳಿಯುವುದಿಲ್ಲ. ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ.

ಉಳಿಯುವುದು, ತಿನ್ನುವುದು

ಊರಿನಲ್ಲಿ ಸಾಧಾರಣ ಲಾಡ್ಜುಗಳಿವೆ. ಜೇಬು ದೊಡ್ಡದಾಗಿದ್ದರೆ ಹಳೆಯ ಅರಮನೆ ಶಿವವಿಲಾಸ ಈಗ ಹೋಟೆಲ್ ಆಗಿದೆ. ಯಾವುದೂ ಬೇಡ ಅಂದರೆ ಹೊಸಪೇಟೆಯಲ್ಲಿ ಉಳಿದು ದಿನಾ ಓಡಾಡಬಹುದು. ಆದರೆ ಹಾಗೆ ಮಾಡಿದರೆ ಬೆಳಗಿನ ಜಾವದ ಬೆಟ್ಟ ತಪ್ಪುತ್ತದೆ. ಫೋನಿನಲ್ಲಿ ರೂಮ್ ಹೇಳಿದ್ದರೆ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ಒಮ್ಮೆ ನಾವು ಹೋಗುವಷ್ಟರಲ್ಲಿ ನಮ್ಮ ರೂಮಿನಲ್ಲಿ ಮದುವೆ ದಿಬ್ಬಣದವರು ಮಲಗಿದ್ದರು.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ ಸಿಕ್ಕರೆ ಬಿಡಬೇಡಿ. ಕಡಕ್ ರೊಟ್ಟಿ ನಾಲ್ಕು ಕಟ್ಟಿಸಿಕೊಂಡರೆ ಮರುದಿನ ಬೆಟ್ಟದ ಮೇಲೆ ಬುತ್ತಿಯಾಯಿತು. ಬ್ರೆಡ್ಡು, ಚಿಪ್ಸಿಗಿಂತ ಸಾವಿರ ಪಾಲು ಮೇಲು. ಚಟ್ನಿಪುಡಿ ಕೆಡುವುದಿಲ್ಲ, ಕಸವೂ ಆಗುವುದಿಲ್ಲ.

ಬ್ಯಾಗಿನಲ್ಲಿ ಏನಿರಬೇಕು

ಜಾಸ್ತಿ ಏನಿಲ್ಲ. ತಲೆಗೆ ಮೂರು ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್. ಅಗಲ ಅಂಚಿನ ಟೋಪಿ ಅಥವಾ ತಲೆಗೆ ಸುತ್ತುವ ಟವೆಲ್. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಯಾಕಂದರೆ ಇಲ್ಲಿ ಮುಳ್ಳಿನ ಗಿಡಗಳೇ ಜಾಸ್ತಿ. ಟಾರ್ಚ್, ಪವರ್ ಬ್ಯಾಂಕ್, ಸೀಟಿ. ಕಸ ವಾಪಸ್ ತರಲು ಒಂದು ಖಾಲಿ ಚೀಲ. ಮಳೆಗಾಲವಾದರೆ ರೇನ್‌ಕೋಟ್. ಛತ್ರಿ ಬೆಟ್ಟದ ಗಾಳಿಗೆ ನಿಲ್ಲುವುದಿಲ್ಲ.

ಶೂ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಈ ಇಳಿಜಾರುಗಳ ಮೇಲೆ ಸಣ್ಣ ಸಣ್ಣ ಅದಿರುಗಲ್ಲು ಚೆಲ್ಲಿಕೊಂಡಿರುತ್ತದೆ. ನೆಲದ ಮೇಲೆ ಕಡಲೆಕಾಳು ಚೆಲ್ಲಿ ಅದರ ಮೇಲೆ ನಡೆದ ಹಾಗೆ. ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗ ಒಂದು ಕಲ್ಲು ಉರುಳಿದರೆ ಕಾಲು ಅದರ ಜೊತೆ ಹೋಗುತ್ತದೆ. ಅಡಿಭಾಗದಲ್ಲಿ ಹಲ್ಲು ಚೆನ್ನಾಗಿರುವ ಶೂ ಬೇಕು. ಜಿಮ್ಮಿನ ನಯವಾದ ಶೂ ನಡೆಯಲ್ಲ. ಇಳಿಯುವಾಗ ಮೊಣಕಾಲು ಸ್ವಲ್ಪ ಬಗ್ಗಿಸಿ, ಹೆಜ್ಜೆ ಚಿಕ್ಕದಾಗಿ ಇಡಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬೇಡಿ, ಮೇಲಿನವರು ಉರುಳಿಸಿದ ಕಲ್ಲು ಕೆಳಗಿನವರ ಕಾಲಿಗೆ ಬರುತ್ತದೆ. ಬಿಳಿ ಶೂ, ಬಿಳಿ ಸಾಕ್ಸ್ ಮನೆಯಲ್ಲೇ ಇರಲಿ. ನನ್ನ ಒಂದು ಜೊತೆ ಸಾಕ್ಸ್ ಮೂರು ವರ್ಷದಿಂದ ಕೆಂಪಾಗಿಯೇ ಇದೆ.

ಮೊದಲ ದಿನ: ಗಂಡಿ

ಹೊಸಪೇಟೆಯಿಂದ ಬಂದು, ರೂಮಿಗೆ ಬ್ಯಾಗ್ ಹಾಕಿ, ಮಧ್ಯಾಹ್ನ ಮಲಗಿ. ನಿಜವಾಗಿಯೂ ಮಲಗಿ. ರಾತ್ರಿ ರೈಲಿನಲ್ಲಿ ಬಂದವರು ಮೊದಲ ದಿನವೇ ಬೆಟ್ಟ ಹತ್ತಿದರೆ ಎರಡನೇ ದಿನ ಕಾಲು ಎತ್ತಲಾಗುವುದಿಲ್ಲ.

ನಾಲ್ಕು ಗಂಟೆಗೆ ಉಬ್ಬಲಗಂಡಿ ಕಡೆ ಹೊರಡಿ. ಹಳೆಯ ಬರಹಗಳಲ್ಲಿ ಇದನ್ನು ಓಬಳಗಂಡಿ ಅಂತಲೂ ಬರೆದಿದ್ದಾರೆ. ಗಂಡಿ ಅಂದರೆ ಸಂದು, ಕಿಂಡಿ. ಆಗ ಹೇಳಿದೆನಲ್ಲ, ಎರಡು ಗೋಡೆಯಂಥ ಬೆಟ್ಟಸಾಲು ಅಂತ. ನಾರಿಹಳ್ಳ ಪಶ್ಚಿಮದ ಗೋಡೆಯನ್ನು ಉಬ್ಬಲಗಂಡಿಯಲ್ಲಿ ಸೀಳಿಕೊಂಡು ಕಣಿವೆಯೊಳಗೆ ಬರುತ್ತದೆ. ಪೂರ್ವದ ಗೋಡೆಯನ್ನು ಭೀಮಗಂಡಿಯಲ್ಲಿ ಸೀಳಿಕೊಂಡು ಹೊರಗೆ ಹೋಗುತ್ತದೆ. ಇಷ್ಟು ಸಣ್ಣ ಹಳ್ಳ ಇಂಥ ಕಬ್ಬಿಣದ ಕಲ್ಲನ್ನು ಕೊರೆಯಲು ಎಷ್ಟು ಕಾಲ ತೆಗೆದುಕೊಂಡಿರಬೇಕು ಅಂತ ಅಲ್ಲಿ ನಿಂತಾಗ ಅನ್ನಿಸುತ್ತದೆ.

ಸಂಜೆ ಬಿಸಿಲು ಓರೆಯಾದಾಗ ಗಂಡಿಯ ಕಲ್ಲಿನ ಪದರಗಳನ್ನು ನೋಡಬೇಕು. ಕಂದು, ನೇರಳೆ, ತುಕ್ಕಿನ ಕೆಂಪು, ಒಂದರ ಮೇಲೊಂದು, ಸೀರೆ ಅಂಗಡಿಯಲ್ಲಿ ಮಡಿಸಿಟ್ಟ ಹಾಗೆ. ಪದರಗಳು ಅಡ್ಡಡ್ಡ ಮಲಗಿಲ್ಲ, ಕೆಲವು ಕಡೆ ನೆಟ್ಟಗೆ ಎದ್ದು ನಿಂತಿವೆ.

ಮಳೆ ಬಂದ ದಿನ ಹಳ್ಳದೊಳಗೆ ಇಳಿಯಬೇಡಿ. ನಿಮ್ಮ ತಲೆ ಮೇಲೆ ಮಳೆ ಇರಬೇಕಾಗಿಲ್ಲ, ಪಶ್ಚಿಮದಲ್ಲಿ ಸುರಿದರೂ ನೀರು ಇಲ್ಲಿಗೇ ಬರುತ್ತದೆ. ಕಿರಿದಾದ ಜಾಗವಾದ್ದರಿಂದ ಏರುವುದೂ ಬೇಗ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ ಕೂಡಲೇ ಮೇಲಕ್ಕೆ ಹತ್ತಿ.

ಕಾರಿದ್ದವರು, ಕಾಲಿಗೆ ಇನ್ನೂ ಶಕ್ತಿ ಇದ್ದವರು ತಾರಾನಗರದ ಬಳಿಯ ನಾರಿಹಳ್ಳ ಅಣೆಕಟ್ಟಿಗೂ ಹೋಗಬಹುದು. ತೋರಣಗಲ್ಲಿನ ದಿಕ್ಕಿಗೆ. ನಾನು ಎರಡು ಸಲ ಅದನ್ನು ಬಿಟ್ಟಿದ್ದೇನೆ, ಪಶ್ಚಾತ್ತಾಪ ಏನಿಲ್ಲ.

ಎರಡನೇ ದಿನ: ಸ್ವಾಮಿಮಲೆ

ಐದಕ್ಕೆ ಏಳಿ. ಆರಕ್ಕೆ ದಾರಿಯಲ್ಲಿರಿ. ಸ್ವಾಮಿಮಲೆ ಅಂದರೆ ಕುಮಾರಸ್ವಾಮಿ ಬೆಟ್ಟ. ಅಲ್ಲಿನ ಕುಮಾರಸ್ವಾಮಿ ದೇವಸ್ಥಾನ ಊರಿನಿಂದ ಸುಮಾರು 12 ಕಿ.ಮೀ. ಮೇಲಿನವರೆಗೂ ರಸ್ತೆ ಇದೆ. ಸಾಹಸ ಬೇಕು ಅಂತ ಬಂದವರಿಗೆ ನನ್ನ ಸಲಹೆ ತಲೆಕೆಳಗಾಗಿ ಕಾಣಬಹುದು: ಆಟೋದಲ್ಲಿ ಹತ್ತಿ, ನಡೆದು ಇಳಿಯಿರಿ. ಬೆಳಗಿನ ತಂಪಿನಲ್ಲಿ ಮೇಲಿರುತ್ತೀರಿ, ದೇವಸ್ಥಾನದಲ್ಲಿ ಜನ ಇರುವುದಿಲ್ಲ. ದಣಿವಾಗುವಷ್ಟರಲ್ಲಿ ಊರು ಹತ್ತಿರ ಬಂದಿರುತ್ತದೆ. ಕೆಳಗಿನಿಂದ ಹತ್ತಿದರೆ ಕೊನೆಯ ಏರು ಸಿಗುವುದು ಬಿಸಿಲೇರಿದ ಮೇಲೆ. ಅದಿರಿನ ಲಾರಿ ಓಡಾಡುವ ಭಾಗ ಇದ್ದರೆ ಅಲ್ಲಿ ಮತ್ತೆ ಆಟೋ ಹತ್ತಿ, ಧೂಳು ಕುಡಿಯುವುದರಲ್ಲಿ ಯಾವ ಸಾಹಸವೂ ಇಲ್ಲ.

ಮೇಲೆ ಎರಡು ಗುಡಿ ಹತ್ತಿರ ಹತ್ತಿರ ಇವೆ: ಮಗ ಕುಮಾರಸ್ವಾಮಿಯದು, ತಾಯಿ ಪಾರ್ವತಿಯದು. ಪಾರ್ವತಿ ಗುಡಿ ಚಾಲುಕ್ಯರ ಕಾಲದ ಶೈಲಿಯದು. ಅಲಂಕಾರ ಕಮ್ಮಿ, ಗೋಡೆ ಗಟ್ಟಿ, ಒಳಗೆ ತಂಪು. ಕುಮಾರಸ್ವಾಮಿಯ ದರ್ಶನ ಹೆಣ್ಣುಮಕ್ಕಳು ಮಾಡುವಂತಿಲ್ಲ ಅನ್ನೋ ಸಂಪ್ರದಾಯ ಇಲ್ಲಿ ಹಿಂದಿನಿಂದ ಇದೆ. ನಿಮ್ಮ ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಮುಂಚೆಯೇ ಹೇಳಿ, ಅಲ್ಲಿ ಹೋಗಿ ಬೇಸರ ಮಾಡಿಕೊಳ್ಳುವುದು ಬೇಡ. ನನ್ನ ಹೆಂಡತಿ ಬಂದಾಗ "ಹಾಗಾದ್ರೆ ನಾನು ತಾಯಿ ಹತ್ತಿರ ಕೂತಿರ್ತೀನಿ, ನೀವು ಮಗನನ್ನ ನೋಡ್ಕೊಂಡು ಬನ್ನಿ" ಅಂದಳು. ಆದರೆ ಆ ದಿನವಿಡೀ ಆ ವಿಷಯಕ್ಕೆ ನಮ್ಮಿಬ್ಬರ ಮಧ್ಯೆ ಚರ್ಚೆ ನಿಲ್ಲಲಿಲ್ಲ ಅನ್ನಿ. ವಿಚಿತ್ರ ನೋಡಿ, ಇದೇ ಸಂಡೂರು 1932ರಲ್ಲಿ ದೇವಸ್ಥಾನಗಳ ಬಾಗಿಲನ್ನು ದಲಿತರಿಗೆ ತೆರೆದ ಸಂಸ್ಥಾನ. ಗಾಂಧೀಜಿ ಅದನ್ನು ಮೆಚ್ಚಿಕೊಂಡಿದ್ದರು.

ಇಳಿಯುವಾಗ ಹರಿಶಂಕರಕ್ಕೆ ಹೋಗಿ. ಕಾಡಿನ ತಗ್ಗಿನಲ್ಲಿ ಒಂದು ಗುಡಿ, ಅಲ್ಲೇ ತೀರ್ಥ. ಸುತ್ತ ದೊಡ್ಡ ಮರಗಳ ನೆರಳು. ಕಾಲು ಚಾಚಿ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ. ಮಂಗಗಳಿಗೂ ಇದೇ ಅಭಿಪ್ರಾಯ ಇದೆ, ಆದ್ದರಿಂದ ಚೀಲದ ಬಾಯಿ ಕಟ್ಟಿರಲಿ.

ದಾರಿಯಲ್ಲಿ ಎದುರಿನ ಕೆಲವು ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಹೋಗಿರುವುದು ಕಾಣುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾದದ್ದು ನೆನಪಿರಬಹುದು. ಕೆಲವು ಮೆಟ್ಟಿಲುಗಳ ಮೇಲೆ ಈಗ ಗಿಡ ನೆಟ್ಟಿದ್ದಾರೆ. ಫೋಟೊ ತೆಗೆಯುವಾಗ ಕ್ಯಾಮೆರಾವನ್ನು ಅತ್ತ ತಿರುಗಿಸದೆ ಬರೀ ಹಸಿರು ಹಿಡಿಯುವವರನ್ನು ನೋಡಿದ್ದೇನೆ. ನಾನು ಎರಡನ್ನೂ ಹಿಡಿಯುತ್ತೇನೆ. ಬೆಟ್ಟ ಇರುವುದೇ ಹಾಗೆ ಅಲ್ವಾ.

ಹನ್ನೊಂದು, ಹೆಚ್ಚೆಂದರೆ ಹನ್ನೊಂದೂವರೆಯೊಳಗೆ ಬಯಲಿನ ಬಿಸಿಲು ಬಿಟ್ಟು ನೆರಳಿನಲ್ಲಿರಬೇಕು. ತಿರುಗುವ ಸಮಯವನ್ನು ಹೊರಡುವ ಮುಂಚೆಯೇ ನಿಶ್ಚಯಿಸಿ. "ಇನ್ನೊಂದು ತಿರುವು ನೋಡಿ ಬರೋಣ" ಅನ್ನುವವನು ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ನಮ್ಮಲ್ಲಿ ಅದು ನಾನೇ. ಅದಕ್ಕೇ ಈಗ ಗಡಿಯಾರ ಬೇರೆಯವರ ಕೈಯಲ್ಲಿರುತ್ತದೆ.

ಸಂಜೆ ಊರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋಗಿ ಬನ್ನಿ. ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಇಲ್ಲಿದೆ. ಸಂಡೂರು ಲಂಬಾಣಿ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಸಮಯದಲ್ಲಿ ಈ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಒಂದು ಚೀಲ ಕೈಗೆತ್ತಿಕೊಂಡು ಹಿಂಬದಿ ತಿರುಗಿಸಿ ನೋಡಿ, ಹೊಲಿಗೆ ಹಿಂದೆಯೂ ಎಷ್ಟು ಅಚ್ಚುಕಟ್ಟು ಅಂತ. ತಾಂಡಾಗಳ ಕಡೆ ಹೋದರೆ ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ.

ಮೂರನೇ ದಿನ: ರಾಮಗಡ ಇಲ್ಲವೇ ಕರಡಿ

ಇಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಮಾಡುತ್ತೇನೆ ಅಂದವರು ಎರಡನ್ನೂ ಸರಿಯಾಗಿ ನೋಡಲಿಲ್ಲ.

ರಾಮಗಡ, ಅಂದರೆ ರಾಮನದುರ್ಗ, ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದ ಮಟ್ಟಸ ನೆಲ. ಬಳ್ಳಾರಿಯ ದಂಡಿನಲ್ಲಿ ಬಿಸಿಲಿಗೆ ಬೇಯುತ್ತಿದ್ದ ಬ್ರಿಟಿಷ್ ಸೈನಿಕರು ಕಾಯಿಲೆ ಬಿದ್ದಾಗ ಸುಧಾರಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ಆಗಿನ ಬಂಗಲೆಗಳು ಈಗ ಪಾಳು, ಗೋಡೆಯೊಳಗಿನಿಂದ ಮರ ಎದ್ದಿವೆ. ಆರೋಗ್ಯ ಸುಧಾರಿಸದವರ ಗೋರಿಗಳೂ ಇಲ್ಲೇ ಇವೆ. ಬೆಳಿಗ್ಗೆ ಮಂಜಿನಲ್ಲಿ ಹೋದರೆ ಹತ್ತಡಿ ಮುಂದೆ ಕಾಣುವುದಿಲ್ಲ. ಏಳೂವರೆಗೆ ಮಂಜು ಸರಿದು ಕೆಳಗಿನ ಬಯಲು ಒಂದೇ ಸಲ ಕಾಣಿಸಿಕೊಳ್ಳುತ್ತದೆ. ಆ ಹದಿನೈದು ನಿಮಿಷಕ್ಕಾಗಿ ನಾನು ಎರಡು ಸಲ ಹೋಗಿದ್ದೇನೆ. ಪಾಳು ಗೋಡೆಗಳನ್ನು ಹತ್ತಬೇಡಿ, ಸಡಿಲ ಕಲ್ಲಿನ ಸಂದು ಹಾವಿಗೆ ಮನೆ. ರಸ್ತೆಯ ಸ್ಥಿತಿ ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ, ಗಣಿ ಕೆಲಸವೂ ಆ ಕಡೆ ಇದೆ. ಹಿಂದಿನ ಸಂಜೆಯೇ ಆಟೋ ಸ್ಟ್ಯಾಂಡಿನಲ್ಲಿ ವಿಚಾರಿಸಿ. ಅವರು "ಆಗಂಗಿಲ್ರೀ" ಅಂದರೆ ಆಗುವುದಿಲ್ಲ.

ಬೇಡ ಅಂದವರಿಗೆ ದರೋಜಿ ಕರಡಿಧಾಮ. 1994ರಲ್ಲಿ ಘೋಷಣೆಯಾದದ್ದು, ಹೊಸಪೇಟೆ-ಕಮಲಾಪುರದ ಕಡೆಯಿಂದ ಹೋಗಬೇಕು. ಮಧ್ಯಾಹ್ನದ ನಂತರ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗುಡ್ಡ ನೋಡುತ್ತಾ ಕೂರುವುದು ಅಷ್ಟೇ ಕೆಲಸ. ಸಿಬ್ಬಂದಿ ಬಂಡೆಗೆ ಸಿಹಿ ಬಳಿದಿರುತ್ತಾರೆ, ಕರಡಿ ನೆಕ್ಕಲು ಬರುತ್ತದೆ. ಬೈನಾಕ್ಯುಲರ್ ಇಲ್ಲದೆ ಹೋದರೆ ಕರಿ ಚುಕ್ಕೆ ಕಂಡಿತು ಅಂತ ಸಮಾಧಾನ ಪಟ್ಟುಕೊಳ್ಳಬೇಕು. ರಾತ್ರಿ ರೈಲು ಹಿಡಿಯುವವರಿಗೆ ಇದು ಸರಿಯಾಗಿ ಹೊಂದುತ್ತದೆ.

ಕರಡಿ ಅಂದಾಗ ನೆನಪಾಯಿತು. ಅವು ಧಾಮದ ಬೇಲಿ ನೋಡಿ ನಿಲ್ಲುವುದಿಲ್ಲ. ಸಂಡೂರಿನ ಕಾಡಿನಲ್ಲೂ ಕರಡಿ, ಚಿರತೆ ಇವೆ. ಸೂರ್ಯ ಮುಳುಗಿದ ಮೇಲೆ, ಮೂಡುವ ಮುಂಚೆ ಕಾಡುದಾರಿಯಲ್ಲಿ ನಡೆಯುವುದು ಬೇಡ. ಪೊದೆ ದಟ್ಟ ಇರುವ ಕಡೆ ಮಾತಾಡುತ್ತಾ ಹೋಗಿ. ಕರಡಿಗೆ ನೀವು ಬರುತ್ತಿರುವುದು ಮುಂಚೆಯೇ ತಿಳಿದರೆ ಸಾಮಾನ್ಯವಾಗಿ ಅದೇ ಸರಿಯುತ್ತದೆ. ಹಠಾತ್ತಾಗಿ ಎದುರಾದರೆ ಓಡಬೇಡಿ, ಅದರ ಕಡೆ ಮುಖ ಇಟ್ಟೇ ನಿಧಾನ ಹಿಂದೆ ಸರಿಯಿರಿ.

ಏನಾದರೂ ಆದರೆ

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡಬೇಡಿ. ಉಂಗುರ, ಬಳೆ, ವಾಚು ಬಿಚ್ಚಿ. ಕಚ್ಚಿದ ಕಾಲನ್ನು ಅಲ್ಲಾಡಿಸದೆ ಕೋಲಿಗೆ ಸಡಿಲವಾಗಿ ಕಟ್ಟಿ, ಹೊತ್ತುಕೊಂಡು ರಸ್ತೆಗೆ ತನ್ನಿ. 108ಕ್ಕೆ ಫೋನ್ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿ. ಸಂಡೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ದೊಡ್ಡ ಆಸ್ಪತ್ರೆ ಬೇಕಾದರೆ ಬಳ್ಳಾರಿ. ಹಾವನ್ನು ಹಿಡಿದು ತರಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

ಬಿಸಿಲು ಹೊಡೆತ ಹಾವಿಗಿಂತ ಸುಲಭವಾಗಿ ಆಗುವಂಥದ್ದು. ಜೊತೆಗಾರ ಮಾತು ತೊದಲಿದರೆ, ತಲೆ ಸುತ್ತು ಅಂದರೆ ಅಲ್ಲಿಗೆ ನಡಿಗೆ ಮುಗಿಯಿತು. ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಬೀಸಿ. ಪ್ರಜ್ಞೆ ಸರಿಯಿದ್ದರೆ ಮಾತ್ರ ಸ್ವಲ್ಪ ಸ್ವಲ್ಪ ಕುಡಿಸಿ.

ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ವಾಪಸ್ ಅಂತ ಲಾಡ್ಜಿನವರಿಗೋ ಆಟೋ ಅಣ್ಣನಿಗೋ ಹೇಳಿ ಹೋಗಿ. ನಾವು ಎರಡನೇ ಸಲ ಹೋದಾಗ ಒಂದು ಗಂಟೆ ತಡವಾಗಿತ್ತು. ಇಳಿದು ಬರುವಷ್ಟರಲ್ಲಿ ಬೆಳಿಗ್ಗೆ ಬಿಟ್ಟು ಹೋಗಿದ್ದ ಆಟೋದವರು ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು. ಕರೆದಿರಲಿಲ್ಲ, ಬಾಡಿಗೆಯೂ ಮಾತಾಗಿರಲಿಲ್ಲ. "ಹನ್ನೊಂದಕ್ಕ ಬರ್ತೀನಿ ಅಂದಿದ್ರಲ್ರೀ, ಬರ್ಲಿಲ್ಲ ಅಂತ ನೋಡಾಕ ಬಂದೆ" ಅಂದು, ಸೀಟಿನ ಕೆಳಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟರು.